ಗೋದಾಮಿನಲ್ಲಿ 3 ಕೆ.ಜಿ. ನೂಲು ಕಡಿಮೆ, ಕದ್ದವರು ಯಾರೂ ಇಲ್ಲ: ಸಾಫ್ಟ್‌ವೇರ್ ಲೆಕ್ಕದಲ್ಲಿ ದಶಾಂಶದ ಆಟ

ಮುಂಬೈ ಲೋಕಲ್‌ನಲ್ಲಿ ಕಲ್ಯಾಣ್ ದಾಟಿ ಕಸಾರಾ ಕಡೆಗೆ ಹೊರಟರೆ ಸಿಗುವ ಮೊದಲ ನಿಲ್ದಾಣ ಶಹಾಡ್. ಇಲ್ಲಿನ ಸೆಂಚುರಿ ರೇಯಾನ್ ಕಾರ್ಖಾನೆ ವಿಸ್ಕೋಸ್ ನೂಲಿಗೆ ಹೆಸರುವಾಸಿ. ಇಂಥ ನೂಲಿನ ದಪ್ಪವನ್ನು ಡೆನಿಯರ್‌ನಲ್ಲಿ ಅಳೆಯುತ್ತಾರೆ. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. ಅಂದರೆ 120 ಡೆನಿಯರ್ ನೂಲಿನ 100 ಮೀಟರ್ ತೂಕ ಬರೀ 1.333 ಗ್ರಾಂ.

ಈಗ ಒಂದು ಲೆಕ್ಕ ಹಾಕಿ ನೋಡಿ. ಸಣ್ಣ ಕಸೂತಿ ಘಟಕವೊಂದು ಪ್ರತಿ ಪೀಸ್‌ಗೆ 100 ಮೀಟರ್ ನೂಲು ಬಳಸುತ್ತದೆ ಎಂದುಕೊಳ್ಳಿ. ನೂಲು ಖರೀದಿಯಾಗುವುದು ಕೆ.ಜಿ. ಲೆಕ್ಕದಲ್ಲಿ, ಹಾಗಾಗಿ ಸಾಫ್ಟ್‌ವೇರ್‌ನಲ್ಲೂ ಕೆ.ಜಿ.ಯೇ ಇದೆ. ದಶಾಂಶದ ನಂತರ ಎರಡೇ ಅಂಕಿಗೆ ಅವಕಾಶವಿದ್ದರೆ ಒಂದು ಪೀಸ್‌ಗೆ ತಗಲುವ ನೂಲು 0.00 ಕೆ.ಜಿ.! ಮೂರು ಅಂಕಿ ಇದ್ದರೆ 0.001. 10,000 ಪೀಸ್ ತಯಾರಾದಾಗ ಸಾಫ್ಟ್‌ವೇರ್ ಸ್ಟಾಕ್‌ನಿಂದ ಕಳೆಯುವುದು 10 ಕೆ.ಜಿ. ಮಾತ್ರ. ನಿಜವಾಗಿ ಖರ್ಚಾಗಿರುವುದು 13.33 ಕೆ.ಜಿ. ವರ್ಷದ ಕೊನೆಗೆ ತೂಕ ಹಾಕಿದಾಗ ಮೂರು ಕೆ.ಜಿ.ಗೂ ಹೆಚ್ಚು ನೂಲು ಕಡಿಮೆ ಬರುತ್ತದೆ. ಮೊದಲ ಅನುಮಾನ ಬರುವುದು ಗೋದಾಮು ನೋಡಿಕೊಳ್ಳುವ ಹುಡುಗನ ಮೇಲೆ.

ಇಂಥ ಸಂದರ್ಭದಲ್ಲೇ ಸಾಫ್ಟ್‌ವೇರ್ ಮಾಡಿಕೊಟ್ಟವರಿಗೆ ಫೋನ್ ಹೋಗುತ್ತದೆ: 'ದಶಾಂಶದ ನಂತರ ಐದು ಅಂಕಿ ಬೇಕು, ಹಾಕಿಕೊಡಿ.'

ಅಂಕಿ ಹೆಚ್ಚಿಸಿದರೆ ಸಾಕೇ?

ಸುಲಭದ ಉತ್ತರ ಹೌದು. ಆದರೆ ಅನುಭವಿಗಳು ಮೊದಲು ಕೇಳುವ ಪ್ರಶ್ನೆ ಬೇರೆ: ಈ ಪ್ರಮಾಣ ತೂಗಿ ಬಂದದ್ದೋ, ಲೆಕ್ಕ ಹಾಕಿ ಬಂದದ್ದೋ?

ತೂಗಿ ಬಂದದ್ದಾದರೆ ತೂಕದ ಯಂತ್ರವೇ ಮಿತಿ. ಅಂಗಡಿಗಳಲ್ಲಿ ಸಾಮಾನ್ಯವಾಗಿರುವ 30 ಕೆ.ಜಿ. ಯಂತ್ರ 5 ಗ್ರಾಂ ಅಂತರದಲ್ಲಿ ತೂಕ ತೋರಿಸುತ್ತದೆ. ಅದರಿಂದ ಬಂದ ಸಂಖ್ಯೆಗೆ ಐದು ದಶಾಂಶ ಹಚ್ಚಿದರೆ ಸೊನ್ನೆಗಳು ಹೆಚ್ಚುತ್ತವೆಯೇ ಹೊರತು ನಿಖರತೆಯಲ್ಲ. ಪೀಸ್‌ಗೆ ಇಷ್ಟು ನೂಲು, ಬಟ್ಟೆಗೆ ಇಷ್ಟು ಬಣ್ಣ ಎಂಬಂಥ ಪ್ರಮಾಣಗಳು ಹಾಗಲ್ಲ. ಅವು ಭಾಗಾಕಾರದಿಂದ ಹುಟ್ಟಿದವು. ಅಲ್ಲಿ ಕತ್ತರಿಸಿದ ಪ್ರತಿ ಅಂಕಿಯೂ ಮುಂದೆ ಸಾವಿರ ಪಟ್ಟು ದೊಡ್ಡದಾಗಿ ಎದುರಾಗುತ್ತದೆ.

ಇದಕ್ಕೆ ಉಡುಪಿ ಹೋಟೆಲ್‌ಗಳ ಅಡುಗೆಮನೆಯಲ್ಲಿ ಹಳೆಯ ಪರಿಹಾರವಿದೆ. ಒಂದು ದೋಸೆಗೆ ಎಷ್ಟು ಮೆಂತ್ಯ ಎಂದು ಕೇಳಿದರೆ ಯಾವ ಭಟ್ಟರೂ ಹೇಳಲಾರರು. 10 ಕೆ.ಜಿ. ಅಕ್ಕಿಗೆ ಎಷ್ಟು ಎಂದು ಕೇಳಿ, ಉತ್ತರ ನಾಲಿಗೆ ತುದಿಯಲ್ಲೇ ಇರುತ್ತದೆ. ದೊಡ್ಡ ಕಂಪನಿಗಳು ಬಳಸುವ ಸ್ಯಾಪ್ ಸಾಫ್ಟ್‌ವೇರ್‌ನಲ್ಲಿ ನಡೆಯುವುದೂ ಇದೇ. ಅಲ್ಲಿ ಪ್ರಮಾಣಕ್ಕೆ ಸಾಮಾನ್ಯವಾಗಿ ಮೂರೇ ದಶಾಂಶ. ಹೆಚ್ಚು ಬೇಕೆಂದವರಿಗೆ ಸಿಗುವ ಸಲಹೆ: ಒಂದು ಪೀಸ್‌ಗೆ ಬದಲು 1,000 ಪೀಸ್‌ಗೆ ಲೆಕ್ಕ ಬರೆಯಿರಿ. ನಮ್ಮ ಕಸೂತಿ ಘಟಕದಲ್ಲಿ ಅದು 1.333 ಕೆ.ಜಿ. ಆಗುತ್ತದೆ. 10,000 ಪೀಸ್ ಮುಗಿದಾಗ ವ್ಯತ್ಯಾಸ 3 ಗ್ರಾಂ ಆಸುಪಾಸು, 3 ಕೆ.ಜಿ. ಅಲ್ಲ.

ಬೆಂಗಳೂರಿನ ಟ್ಯಾಲಿಯಲ್ಲಿ ಪ್ರತಿ ಅಳತೆಗೂ ಪ್ರತ್ಯೇಕವಾಗಿ ಸೊನ್ನೆಯಿಂದ ನಾಲ್ಕರವರೆಗೆ ದಶಾಂಶ ಇಟ್ಟುಕೊಳ್ಳಬಹುದು. ಇದು ಒಳ್ಳೆಯ ಕ್ರಮ. ನೂಲಿಗೆ ಬೇಕೆಂದು ಇಡೀ ಸಾಫ್ಟ್‌ವೇರ್‌ಗೆ ಐದು ದಶಾಂಶ ಕೊಟ್ಟರೆ ನಾಳೆ ಯಾರಾದರೂ ಎರಡೂವರೆ ಶರ್ಟ್ ಮಾರಿಯಾರು.

ಕತ್ತರಿಸುವುದು ಯಾವಾಗ?

1982ರಲ್ಲಿ ಕೆನಡಾದ ವ್ಯಾಂಕೂವರ್ ಷೇರುಪೇಟೆ 1,000 ಅಂಶಗಳೊಂದಿಗೆ ಹೊಸ ಸೂಚ್ಯಂಕ ಆರಂಭಿಸಿತು. ಪ್ರತಿ ವಹಿವಾಟಿನ ನಂತರ ಮೂರನೇ ದಶಾಂಶದಿಂದಾಚೆಗಿನ ಅಂಕಿಗಳನ್ನು ಕಂಪ್ಯೂಟರ್ ರೌಂಡ್ ಆಫ್ ಮಾಡದೆ ಸುಮ್ಮನೆ ಕತ್ತರಿಸಿ ಎಸೆಯುತ್ತಿತ್ತು. ಸುಮಾರು 22 ತಿಂಗಳಲ್ಲಿ ಸೂಚ್ಯಂಕ 524.811ಕ್ಕೆ ಇಳಿದಿತ್ತು. ತಪ್ಪು ಸರಿಪಡಿಸಿದಾಗ ಸಿಕ್ಕ ನಿಜವಾದ ಅಂಕಿ 1,098.892! ಎಸೆದದ್ದು ಅಂಶವೊಂದರ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ, ಆದರೆ ದಿನಕ್ಕೆ ಸಾವಿರಾರು ಸಲ.

ಹಾಗಾಗಿ ಒಳಗಿನ ಲೆಕ್ಕ ಪೂರ್ಣ ಅಂಕಿಗಳಲ್ಲೇ ನಡೆಯಬೇಕು, ರೌಂಡ್ ಆಫ್ ಕೊನೆಯಲ್ಲಿ ಒಂದೇ ಸಲ ಆಗಬೇಕು. ಸಂಖ್ಯೆ ಸಂಗ್ರಹಿಸುವ ವಿಧಾನವೂ ಮುಖ್ಯ. ಫ್ಲೋಟಿಂಗ್ ಪಾಯಿಂಟ್ ಬಳಸಿದರೆ ಕಂಪ್ಯೂಟರ್‌ಗೆ 0.1 ಮತ್ತು 0.2 ಕೂಡಿಸಿದಾಗ ಸರಿಯಾಗಿ 0.3 ಬರುವುದಿಲ್ಲ, 0.30000000000000004 ಬರುತ್ತದೆ. ವ್ಯಾಪಾರದ ಲೆಕ್ಕಕ್ಕೆ ಡೆಸಿಮಲ್ ಮಾದರಿಯೇ ಸೂಕ್ತ. ಇಲ್ಲವೇ ಎಲ್ಲವನ್ನೂ ಮಿಲಿಗ್ರಾಂಗೆ ಇಳಿಸಿ ಪೂರ್ಣಾಂಕದಲ್ಲೇ ಇಡಬಹುದು.

ಬಿಲ್‌ಗೆ ಮಾತ್ರ ಬೇರೆ ನಿಯಮ. ಜಿಎಸ್‌ಟಿ ಇ-ಇನ್‌ವಾಯ್ಸ್‌ನಲ್ಲಿ ಪ್ರಮಾಣಕ್ಕೆ ಗರಿಷ್ಠ ಮೂರು ದಶಾಂಶ. ಒಳಗೆ 2.34567 ಕೆ.ಜಿ. ಇದ್ದರೂ ಬಿಲ್‌ನಲ್ಲಿ 2.346 ಎಂದೇ ಹೋಗಬೇಕು. ಮೊತ್ತವನ್ನೂ ಅದೇ 2.346ರಿಂದ ಲೆಕ್ಕ ಹಾಕಬೇಕು. ಇಲ್ಲದಿದ್ದರೆ ಕ್ಯಾಲ್ಕುಲೇಟರ್ ಹಿಡಿದ ಗ್ರಾಹಕನಿಗೆ ಬೇರೆಯೇ ಮೊತ್ತ ಸಿಗುತ್ತದೆ, ಜಗಳ ಅಲ್ಲಿಂದ ಶುರು.

ಇನ್ನೊಂದು ವಿಷಯ ಗ್ರಾಹಕರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಎರಡು ಅಂಕಿಗೆ ಕತ್ತರಿಸಿ ಉಳಿಸಿದ ಹಳೆಯ ನಮೂದುಗಳಿಗೆ ಐದು ಅಂಕಿಯ ಜಾಗ ಕೊಟ್ಟರೂ ಕಳೆದುಹೋದ ಅಂಕಿಗಳು ಮರಳಿ ಬರುವುದಿಲ್ಲ. ಸ್ಟಾಕನ್ನು ಕೈಯಾರೆ ತೂಗಿ, ವ್ಯತ್ಯಾಸಕ್ಕೆ ಒಂದು ಹೊಂದಾಣಿಕೆ ನಮೂದು ಹಾಕಿ ಹೊಸ ಲೆಕ್ಕ ಆರಂಭಿಸಬೇಕು. ಮಾರ್ಚ್ 31ಕ್ಕೆ ಹೇಗೂ ಸ್ಟಾಕ್ ಎಣಿಕೆ ಇರುವುದರಿಂದ ಈ ಬದಲಾವಣೆಗೆ ಏಪ್ರಿಲ್ 1 ಅನುಕೂಲದ ದಿನ.