ಮನೆಯ ಪಾಲನೆ, ಶಾಲೆಯ ಕಿರುಕುಳ

ತನ್ನನ್ನು ಎದುರಿಸಿ ನಿಲ್ಲಲಾರದ ಸಹಪಾಠಿಯೊಬ್ಬನನ್ನು ವಿದ್ಯಾರ್ಥಿಯೊಬ್ಬ ಬೇಕೆಂದೇ, ಮತ್ತೆ ಮತ್ತೆ ನೋಯಿಸುವುದೇ ಶಾಲಾ ಕಿರುಕುಳ. ಉದ್ದೇಶ, ಪುನರಾವರ್ತನೆ, ಬಲದ ಅಸಮತೆ ಎಂಬ ಮೂರು ಲಕ್ಷಣಗಳಿಂದ ಇದನ್ನು ಸಾಮಾನ್ಯ ಜಗಳದಿಂದ ಬೇರ್ಪಡಿಸಿದವರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿ ನಾರ್ವೆಯ ಬರ್ಗೆನ್ ನಗರದಲ್ಲಿ ನೆಲೆಸಿದ ಮನೋವಿಜ್ಞಾನಿ ಡಾನ್ ಒಲ್ವೆಯಸ್ ಮೊದಲಿಗರು. 1982ರಲ್ಲಿ ಉತ್ತರ ನಾರ್ವೆಯ ಮೂವರು ಬಾಲಕರು ಆತ್ಮಹತ್ಯೆ ಮಾಡಿಕೊಂಡು, ಅದಕ್ಕೆ ಸಹಪಾಠಿಗಳ ಕಾಟವೇ ಕಾರಣವೆಂಬ ಬಲವಾದ ಶಂಕೆ ಮೂಡಿದಾಗ, ಮರುವರ್ಷವೇ ಆ ದೇಶ ಇಡೀ ನಾಡಿನ ಶಾಲೆಗಳಲ್ಲಿ ಅಭಿಯಾನ ಕೈಗೊಂಡಿತು.

ಕಿರುಕುಳ ಕೊಡುವ ಮಗುವಿನ ಮನೆ ಎಂಥದ್ದು? ಒಲ್ವೆಯಸ್ 1980ರಲ್ಲಿ ಸ್ವೀಡನ್ನಿನ ಹುಡುಗರನ್ನು ಕುರಿತು ಪ್ರಕಟಿಸಿದ ಅಧ್ಯಯನದಲ್ಲಿ ಆಕ್ರಮಣಶೀಲತೆಯೊಡನೆ ನಾಲ್ಕು ಸಂಗತಿಗಳು ಹೊಂದಿಕೊಂಡು ಬಂದವು: ತಾಯಿಯ ಅನಾದರ, ಮಗುವಿನ ಹೊಡೆದಾಟವನ್ನು ಆಕೆ ತಡೆಯದಿರುವುದು, ತಂದೆತಾಯಿಯರ ಹೊಡೆತ ಬೈಗುಳದ ಶಿಸ್ತು ಮತ್ತು ಹುಡುಗನ ಹುಟ್ಟುಸ್ವಭಾವ. ಎರಡನೆಯ ಸಂಗತಿಯ ಬಗ್ಗೆ ವಿಶೇಷ ಗಮನ ಬೇಕು. ತಮ್ಮನ ಆಟಿಕೆ ಕಿತ್ತುಕೊಂಡು ತಳ್ಳಿದ ಹುಡುಗನನ್ನು ಕಂಡು "ಗಂಡುಮಕ್ಕಳು ಹಾಗೇ ಬಿಡಿ" ಎಂದು ನಕ್ಕು ಸುಮ್ಮನಾಗುವ ಮನೆಯಲ್ಲಿ, ಬಲವಿದ್ದವನು ಬಯಸಿದ್ದನ್ನು ಪಡೆಯುತ್ತಾನೆಂಬ ಪಾಠವನ್ನು ಮಗು ಯಾರೂ ಕಲಿಸದೆಯೇ ಕಲಿಯುತ್ತದೆ. ಅದೇ ಮನೆಯಲ್ಲಿ ಮರುದಿನ ಅಪ್ಪನ ಏಟು ಬಿದ್ದರೆ ಆ ಪಾಠ ಇನ್ನೂ ಗಟ್ಟಿಯಾಗುತ್ತದೆ.

ಅಮೆರಿಕದ ಮನೋವಿಜ್ಞಾನಿ ಡಯಾನಾ ಬಾಮ್‌ರಿಂಡ್ 1960ರ ದಶಕದಲ್ಲಿ ಪಾಲನೆಯ ಮೂರು ಶೈಲಿಗಳನ್ನು ಗುರುತಿಸಿದರು. ಕಾರಣ ಹೇಳದೆ ವಿಧೇಯತೆಯನ್ನಷ್ಟೇ ಬಯಸುವುದು ದಂಡಪ್ರಧಾನ ಶೈಲಿ, ಅಕ್ಕರೆಯಿದ್ದರೂ ಕಟ್ಟುಪಾಡಿಲ್ಲದ್ದು ಸಡಿಲ ಶೈಲಿ, ಅಕ್ಕರೆಯೊಡನೆ ಸ್ಪಷ್ಟ ನಿಯಮಗಳನ್ನಿಟ್ಟು ಅವುಗಳ ಕಾರಣವನ್ನೂ ವಿವರಿಸುವುದು ವಿವೇಚನಾ ಶೈಲಿ. ಅಕ್ಕರೆಯೂ ನಿಯಮವೂ ಇಲ್ಲದ ಉದಾಸೀನ ಶೈಲಿಯನ್ನು 1983ರಲ್ಲಿ ಎಲಿನರ್ ಮೆಕಾಬಿ ಮತ್ತು ಜಾನ್ ಮಾರ್ಟಿನ್ ಸೇರಿಸಿದರು. ಆದ್ದರಿಂದ ಬಿಗಿಯೋ ಸಡಿಲವೋ ಎಂಬ ನಮ್ಮ ನಿತ್ಯದ ವಾದ ಅರ್ಧದಷ್ಟೇ ಸರಿ. ಬಿಗಿಯೊಳಗೆ ಅಕ್ಕರೆ ಇದೆಯೇ ಎಂಬುದೇ ಹೆಚ್ಚು ಮುಖ್ಯವಾದ ಪ್ರಶ್ನೆ.

ಕಿರುಕುಳಕ್ಕೆ ಗುರಿಯಾಗುವ ಮಕ್ಕಳ ಕಡೆಯೂ ಮನೆಯ ಪಾತ್ರವಿದೆ. ಲೆರೆಯಾ, ಸಮಾರಾ ಮತ್ತು ವೋಲ್ಕ್ 2013ರಲ್ಲಿ 70 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಕಠೋರ ಅಥವಾ ಉದಾಸೀನ ಪಾಲನೆಯಷ್ಟೇ ಅಲ್ಲ, ಅತಿರಕ್ಷಣೆಯೂ ಗುರಿಯಾಗುವ ಅಪಾಯದೊಡನೆ ತಳುಕು ಹಾಕಿಕೊಂಡಿರುವುದು ಕಂಡುಬಂತು; ಮಗುವಿನ ಪ್ರತಿ ತಗಾದೆಯನ್ನೂ ಹಿರಿಯರೇ ಬಗೆಹರಿಸಿದರೆ ತಾನೇ ಎದ್ದುನಿಂತು ಮಾತಾಡುವ ಅಭ್ಯಾಸ ಅದಕ್ಕೆ ದಕ್ಕುವುದಿಲ್ಲ. ಆದರೂ ಇವು ಸಂಬಂಧಗಳು, ಕಾರಣದ ತೀರ್ಪುಗಳಲ್ಲ. ಪೀಡೆಗೆ ಸಿಕ್ಕಿ ನಲುಗಿದ ಮಗುವನ್ನು ಕಂಡೇ ತಾಯಿತಂದೆಯರು ಅತಿಯಾಗಿ ಕಾಯತೊಡಗಿರಬಹುದಾದ್ದರಿಂದ ನೊಂದ ಮಗುವಿನ ಪೋಷಕರ ಮೇಲೆ ತಪ್ಪು ಹೊರಿಸುವುದು ಅನ್ಯಾಯ.

ಮಗನ ಮೇಲೆ ಕಣ್ಣಿಟ್ಟರೆ ಸಾಕೆಂಬ ನಂಬಿಕೆಯನ್ನೂ ಸ್ವೀಡನ್ನಿನ ಹಾಕನ್ ಸ್ಟಾಟಿನ್ ಮತ್ತು ಮಾರ್ಗರೆಟ್ ಕೆರ್ 2000ದಲ್ಲಿ ಪ್ರಶ್ನಿಸಿದರು. ಹದಿಹರೆಯದವರ ಬಗ್ಗೆ ಪೋಷಕರಿಗೆ ತಿಳಿದಿರುವುದರಲ್ಲಿ ಹೆಚ್ಚಿನದು ಕಾವಲಿನಿಂದಲ್ಲ, ಮಕ್ಕಳು ತಾವಾಗಿ ಹೇಳಿಕೊಳ್ಳುವುದರಿಂದ ಬಂದದ್ದು ಎಂಬುದು ಅವರ ಶೋಧ. ಹೇಳಿದರೆ ಏಟು ಬೀಳುವ ಮನೆಯಲ್ಲಿ ಯಾವ ಮಗುವೂ ಹೇಳಿಕೊಳ್ಳದು.

ಮನೆಯೊಳಗಿನ ಹೊಡೆತವನ್ನೂ ಸ್ವೀಡನ್ 1979ರಲ್ಲಿ ನಿಷೇಧಿಸಿತು. ಹಾಗೆ ಮಾಡಿದ ಮೊದಲ ದೇಶ ಅದು. ಭಾರತದ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ಶಾಲೆಯಲ್ಲಿ ನಿಷೇಧಿಸುತ್ತದೆ. ಮನೆ ಅದರ ವ್ಯಾಪ್ತಿಗೆ ಬರುವುದಿಲ್ಲ.