ಬಲ್ಬ್ ಸುಟ್ಟಿದ್ದೇಕೆ? ಬಲ್ಬನ್ನೇ ಕೇಳಿ

ಶಿವಮೊಗ್ಗ, ಭದ್ರಾವತಿಗಳ ಸುತ್ತಿನ ರಸ್ತೆಗಳಲ್ಲಿ ಕತ್ತಲಾದ ಮೇಲೆ ಓಡಾಡುವವರಿಗೆ ‘ಒಕ್ಕಣ್ಣ’ ವಾಹನಗಳು ಹೊಸತೇನಲ್ಲ. ಎದುರಿನಿಂದ ಒಂದೇ ದೀಪ ಬರುತ್ತಿದ್ದರೆ ಬೈಕ್ ಇರಬೇಕೆಂದುಕೊಂಡು ನಾವು ಅಷ್ಟೇ ಜಾಗ ಬಿಡುತ್ತೇವೆ. ಹತ್ತಿರ ಬಂದಾಗ ನೋಡಿದರೆ ಅದು ಕಾರು! ಉರಿಯದ ದೀಪ ರಸ್ತೆಯ ನಡುವಿನ ಕಡೆಯದಾಗಿದ್ದರಂತೂ ಅಪಾಯ ಇನ್ನೂ ಹೆಚ್ಚು. ತೀರ್ಥಹಳ್ಳಿ ದಾಟಿ ಆಗುಂಬೆಯತ್ತ ಹೋಗುವ ತಿರುವುಗಳಲ್ಲಿ, ಮಳೆ ಮಂಜಿನ ನಡುವೆ, ಈ ತಪ್ಪು ಲೆಕ್ಕ ಜೀವಕ್ಕೇ ಎರವಾದೀತು.

ಹೆಡ್‌ಲೈಟ್ ಬಲ್ಬ್ ಹೋದರೆ ಹೊಸದು ಹಾಕಿಸುವುದು ಸಹಜ. ಆದರೆ ಹಾಕಿಸಿದ ತಿಂಗಳೊಳಗೆ ಅದೂ ಸುಟ್ಟರೆ? ಆಮೇಲೆ ಹಾಕಿಸಿದ್ದೂ ಸುಟ್ಟರೆ? ‘ಈ ಕಂಪನಿ ಮಾಲು ಸರಿಯಿಲ್ಲ’ ಎಂದು ಬೈದು, ಇನ್ನೊಂದು ಕಂಪನಿಯ ಬಲ್ಬ್ ತರುವವರೇ ಹೆಚ್ಚು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು ಇದು. ಅಗ್ಗದ ನಕಲಿ ಮಾಲು ಬೇಗ ಹೋಗುವುದುಂಟು, ನಿಜ. ಒಳ್ಳೆಯ ಬಲ್ಬ್ ಕೂಡ ಪದೇ ಪದೇ ಸುಡುತ್ತಿದ್ದರೆ ರೋಗ ಕಾರಿನಲ್ಲಿ ಬೇರೆಲ್ಲೋ ಇದೆ ಎಂದೇ ಅರ್ಥ. ಅದನ್ನು ಪತ್ತೆ ಹಚ್ಚಲು ಹತ್ತನೇ ತರಗತಿಯ ವಿದ್ಯುತ್ ಪಾಠ ಮತ್ತು ಸ್ವಲ್ಪ ತಾಳ್ಮೆ ಸಾಕು.

ಕಬ್ಬಿಣವನ್ನೂ ಮೀರಿದ ಬಿಸಿ

ಭದ್ರಾವತಿಯ ಕಾರ್ಖಾನೆಯಲ್ಲಿ ಕಬ್ಬಿಣ ತಯಾರಿಕೆ ಆರಂಭವಾದದ್ದು 1923ರಲ್ಲಿ. ಕುಲುಮೆಯ ಕೆಂಪು ಬೆಳಕನ್ನು ನೋಡಿಕೊಂಡೇ ಬೆಳೆದ ಊರು ಅದು. ಶುದ್ಧ ಕಬ್ಬಿಣ ಕರಗುವುದು 1538 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆದರೆ ಕಾರಿನ ಹ್ಯಾಲೋಜನ್ ಬಲ್ಬಿನೊಳಗಿನ ಕೂದಲೆಳೆಯಂಥ ಟಂಗ್‌ಸ್ಟನ್ ತಂತಿ 2500 ಡಿಗ್ರಿಯನ್ನೂ ಮೀರಿ ಕಾಯುತ್ತದೆ. ಟಂಗ್‌ಸ್ಟನ್ ಕರಗುವುದು ಸುಮಾರು 3420 ಡಿಗ್ರಿಯಲ್ಲಾದ್ದರಿಂದ ಅದು ಈ ಬಿಸಿಯನ್ನು ತಾಳಿಕೊಳ್ಳುತ್ತದೆ.

ಅಷ್ಟು ಬಿಸಿಯಲ್ಲಿ ತಂತಿ ಸದಾ ಸವೆಯುತ್ತಲೇ ಇರುತ್ತದೆ. ಟಂಗ್‌ಸ್ಟನ್ ಆವಿಯಾಗಿ ಗಾಜಿಗೆ ಅಂಟಿ ಬಲ್ಬ್ ಕಪ್ಪಾಗುವುದು ಹಳೆಯ ಬಲ್ಬುಗಳ ದೋಷ. ಬಲ್ಬಿನೊಳಗೆ ಅಯೊಡಿನ್, ಬ್ರೋಮಿನ್‌ನಂಥ ಹ್ಯಾಲೋಜನ್ ಸೇರಿಸಿದರೆ ಅದು ಆವಿಯಾದ ಟಂಗ್‌ಸ್ಟನ್ ಜೊತೆ ಕೂಡಿಕೊಂಡು, ಅದನ್ನು ಮತ್ತೆ ತಂತಿಯ ಬಳಿಗೇ ತಂದು ಬಿಡುತ್ತದೆ. ಅಮೆರಿಕದಲ್ಲಿ 1959ರಲ್ಲಿ ಪೇಟೆಂಟ್ ಪಡೆದ ಈ ಉಪಾಯ 1962ರಲ್ಲಿ ಯುರೋಪಿನ ಕಾರುಗಳಿಗೆ ಬಂತು. ನಮ್ಮಲ್ಲಿ ಬಹಳ ಕಾರುಗಳಲ್ಲಿರುವ ‘ಎಚ್4’ ಬಲ್ಬಿನಲ್ಲಿ ಎರಡು ತಂತಿಗಳಿವೆ: ಹೈ ಬೀಮ್‌ಗೆ 60 ವ್ಯಾಟ್, ಲೋ ಬೀಮ್‌ಗೆ 55 ವ್ಯಾಟ್. ಇದರ ಆಯಸ್ಸು ಕೆಲವು ನೂರು ಗಂಟೆ. ದಿನಕ್ಕೊಂದು ಗಂಟೆ ಉರಿಸುವವರಿಗೆ ವರ್ಷವೋ ಎರಡು ವರ್ಷವೋ ಬಂದರೆ ಅದು ಸಹಜ ಮರಣ. ತಿಂಗಳಿಗೊಂದು ಹೋದರೆ ವಿಚಾರಣೆ ಆಗಲೇಬೇಕು.

ಮೊದಲ ಪ್ರಶ್ನೆ: ಒಂದೋ, ಎರಡೋ?

ವಿಚಾರಣೆಗೆ ಮೊದಲು ಬಲ್ಬ್ ನಿಜಕ್ಕೂ ಸುಟ್ಟಿದೆಯೇ ನೋಡಿ. ಉರಿಯದ ಬಲ್ಬನ್ನು ಇನ್ನೊಂದು ಬದಿಗೆ ಹಾಕಿ. ಅಲ್ಲಿ ಉರಿದರೆ ದೋಷ ಫ್ಯೂಸ್, ವೈರು ಅಥವಾ ಹೋಲ್ಡರಿನದು. ಎಷ್ಟೋ ಒಳ್ಳೆಯ ಬಲ್ಬುಗಳು ಈ ಪರೀಕ್ಷೆ ಇಲ್ಲದೆಯೇ ಕಸದ ಬುಟ್ಟಿ ಸೇರಿವೆ.

ನಿಜಕ್ಕೂ ಸುಟ್ಟಿದ್ದರೆ, ಪ್ರತಿಸಲವೂ ಹೋಗುವುದು ಒಂದೇ ಬದಿಯದೋ, ಎರಡೂ ಬದಿಯದೋ ಎಂದು ಕೇಳಿಕೊಳ್ಳಿ. ಅರ್ಧ ಉತ್ತರ ಇಲ್ಲೇ ಇದೆ. ಎರಡೂ ದೀಪಗಳಿಗೆ ವಿದ್ಯುತ್ ಬರುವುದು ಒಂದೇ ಬ್ಯಾಟರಿಯಿಂದ. ವೋಲ್ಟೇಜ್ ಹೆಚ್ಚಾದರೆ ಪೆಟ್ಟು ಎರಡಕ್ಕೂ ಬೀಳಬೇಕು, ಹಿಂದಿನ ದೀಪ, ಬ್ರೇಕ್ ದೀಪಗಳೂ ಬೇಗ ಹೋಗಬೇಕು. ಎಡಗಡೆಯದು ಮಾತ್ರ ಸುಡುತ್ತಿದ್ದರೆ ಕಾರಣ ಎಡಗಡೆಯೇ ಇರಬೇಕು.

ವೋಲ್ಟೇಜಿನ ಲೆಕ್ಕ

ಎರಡೂ ಬದಿ ಹೋಗುತ್ತಿದ್ದರೆ ಒಂದು ಮಲ್ಟಿಮೀಟರ್ ಬೇಕು. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ. ತಿರುಗುವ ಬೆಲ್ಟ್ ಮತ್ತು ಫ್ಯಾನಿನಿಂದ ಕೈ, ಬಟ್ಟೆ, ಜಡೆ ದೂರವಿರಲಿ. ಮಕ್ಕಳು ಅಳೆಯುವಾಗ ದೊಡ್ಡವರೊಬ್ಬರು ಜೊತೆಗಿರುವುದು ಲೇಸು. ಎಂಜಿನ್ ನಿಂತಿದ್ದಾಗ ಸರಿಯಾಗಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ಚಾಲೂ ಆದಾಗ ಸಾಮಾನ್ಯವಾಗಿ 13.8ರಿಂದ 14.5. ಆಕ್ಸಿಲರೇಟರ್ ಒತ್ತಿದಾಗಲೂ ಇದಕ್ಕಿಂತ ಹೆಚ್ಚು ಏರಬಾರದು. ಹೊಸ ಕಾರುಗಳಲ್ಲಿ ಕಂಪ್ಯೂಟರ್ ಈ ಅಂಕಿಯನ್ನು ಕೊಂಚ ಏರಿಳಿಸುವುದುಂಟು. ಆದರೆ 15 ದಾಟಿ ಅಲ್ಲೇ ನಿಂತರೆ ಆಲ್ಟರ್ನೇಟರಿನ ರೆಗ್ಯುಲೇಟರ್ ಕೆಟ್ಟಿದೆ ಎಂದು ಸಂಶಯಪಡಬಹುದು. ಸಡಿಲವಾದ ಬ್ಯಾಟರಿ ಟರ್ಮಿನಲ್, ತುಕ್ಕು ಹಿಡಿದ ಅರ್ಥ್ ವೈರು ಕೂಡ ವೋಲ್ಟೇಜನ್ನು ಹದ ತಪ್ಪಿಸುತ್ತವೆ.

ಒಂದೆರಡು ವೋಲ್ಟಿನಿಂದ ಏನು ಮಹಾ ಎನ್ನಬೇಡಿ. ತಂತಿಯ ಬಲ್ಬಿನ ಆಯಸ್ಸು ವೋಲ್ಟೇಜಿನ ಸುಮಾರು 13ನೇ ಘಾತಕ್ಕೆ ವಿಲೋಮವಾಗಿ ಇಳಿಯುತ್ತದೆ ಎಂಬುದು ಎಂಜಿನಿಯರುಗಳ ಅಂದಾಜು ಸೂತ್ರ. ಕ್ಯಾಲ್ಕ್ಯುಲೇಟರ್ ಹಿಡಿದು ನೋಡಿ: ವೋಲ್ಟೇಜ್ ಶೇ 5ರಷ್ಟು ಏರಿದರೆ ಆಯಸ್ಸು ಹತ್ತಿರ ಹತ್ತಿರ ಅರ್ಧ, ಶೇ 15ರಷ್ಟು ಏರಿದರೆ ಆರನೇ ಒಂದು ಭಾಗ! ಹೀಗೆ ಬಲ್ಬನ್ನು ಸುಡುವ ವೋಲ್ಟೇಜ್ ಬ್ಯಾಟರಿಯನ್ನೂ ಕುದಿಸಿ ಹಾಳುಮಾಡುತ್ತದೆ. ಬಲ್ಬ್ ಕೊಟ್ಟ ಮುನ್ಸೂಚನೆಯನ್ನು ಕೇಳಿಸಿಕೊಂಡವರಿಗೆ ಬ್ಯಾಟರಿಯಾದರೂ ಉಳಿಯುತ್ತದೆ.

ಒಂದೇ ಬದಿ ಸುಟ್ಟರೆ

ಇಲ್ಲಿ ಶಂಕಿತರು ಮೂವರು. ಮೊದಲನೆಯದು ನೀರು. ಮಲೆನಾಡಿನ ಮಳೆಗಾಲದಲ್ಲಿ ಹಿಂಬದಿಯ ರಬ್ಬರ್ ಮುಚ್ಚಳ ಹರಿದಿದ್ದರೆ, ಅಥವಾ ಕಳೆದ ಸಲ ಬಲ್ಬ್ ಹಾಕಿದವರು ಅದನ್ನು ಸರಿಯಾಗಿ ಕೂರಿಸದಿದ್ದರೆ, ನೀರು ಒಳಗಿಳಿಯುತ್ತದೆ. ಕಾದ ಬಲ್ಬಿನ ಮೇಲೆ ಹನಿ ಬಿದ್ದರೆ ಸೀಳುತ್ತದೆ. ಗಾಜಿನೊಳಗೆ ತೆಳುವಾಗಿ ಮೂಡಿ ದೀಪ ಹಚ್ಚಿದ ಮೇಲೆ ಆರುವ ಮಂಜಿಗೆ ಹೆದರಬೇಕಿಲ್ಲ. ತಳದಲ್ಲಿ ನೀರು ನಿಂತಿದ್ದರೆ ದುರಸ್ತಿ ಬೇಕು.

ಎರಡನೆಯದು ಅಲುಗಾಟ. ಎಲ್ಲೋ ತಾಗಿಸಿಕೊಂಡು ಮುರಿದ ಬ್ರ್ಯಾಕೆಟ್, ಸಡಿಲವಾದ ಕ್ಲಿಪ್ ಇದ್ದರೆ ರಸ್ತೆಯ ಒಂದೊಂದು ಗುಂಡಿಯ ಏಟೂ ತಂತಿಗೆ ತಾಗುತ್ತದೆ.

ಮೂರನೆಯದು ಸಡಿಲ ಹೋಲ್ಡರ್. ಇದು ಸ್ವಾರಸ್ಯದ ಭೌತಶಾಸ್ತ್ರ. 12 ವೋಲ್ಟಿಗೆ 60 ವ್ಯಾಟ್ ಎಂದರೆ 5 ಆಂಪಿಯರ್ ಕರೆಂಟ್, 2.4 ಓಮ್ ರೋಧ. ಆದರೆ ತಣ್ಣಗಿರುವ ಬಲ್ಬನ್ನು ಮೀಟರಿನಲ್ಲಿ ಅಳೆದರೆ ಅದರ ಹತ್ತನೇ ಒಂದು ಭಾಗದಷ್ಟೂ ಇರುವುದಿಲ್ಲ. ಅಂದರೆ ದೀಪ ಹತ್ತುವ ಕ್ಷಣದಲ್ಲಿ ಹತ್ತಾರು ಪಟ್ಟು ಕರೆಂಟ್ ನುಗ್ಗುತ್ತದೆ. ಸಡಿಲ ಹೋಲ್ಡರಿನಲ್ಲಿ ದೀಪ ಆರಿ ಹತ್ತುವುದು ಹೆಚ್ಚಿದಷ್ಟೂ ತಂತಿಗೆ ಆ ಏಟು ಮತ್ತೆ ಮತ್ತೆ ಬೀಳುತ್ತದೆ.

ಸತ್ತ ಬಲ್ಬಿನ ಸಾಕ್ಷ್ಯ

ತಣ್ಣಗಾದ ಮೇಲೆ ಹಳೆಯ ಬಲ್ಬನ್ನು ಬೆಳಕಿಗೆ ಹಿಡಿಯಿರಿ. ಗಾಜು ಕಪ್ಪಾಗಿದ್ದರೆ ವಯಸ್ಸಾಗಿದೆ ಅಥವಾ ವೋಲ್ಟೇಜ್ ಹೆಚ್ಚಿದೆ. ಒಳಗೆ ಬಿಳಿ ಇಲ್ಲವೇ ಹಳದಿ ಪುಡಿ ಕೂತಿದ್ದರೆ ಗಾಜು ಬಿರುಕು ಬಿಟ್ಟು ಗಾಳಿ ಹೊಕ್ಕಿದೆ. ಗಾಜು ಸ್ವಚ್ಛವಾಗಿದ್ದು ತಂತಿ ಮಾತ್ರ ತುಂಡಾಗಿದ್ದರೆ ಅಲುಗಾಟದ ಮೇಲೆ ಗುಮಾನಿ ಇಡಬಹುದು. ಗಾಜು ಗುಳ್ಳೆಯಂತೆ ಉಬ್ಬಿದ್ದರೆ ಹಾಕುವಾಗ ಯಾರೋ ಬೆರಳು ತಾಗಿಸಿರಬೇಕು. ಚರ್ಮದ ಎಣ್ಣೆಯಂಶ ಅಂಟಿದ ಜಾಗದಲ್ಲಿ ಗಾಜು ಅತಿಯಾಗಿ ಕಾದು ಮೆದುವಾಗುತ್ತದೆ. ಹೊಸ ಬಲ್ಬನ್ನು ಲೋಹದ ಬುಡದಲ್ಲೇ ಹಿಡಿಯಿರಿ. ತಾಗಿಸಿದರೆ ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿ.

ಎರಡು ಕೆಲಸ ಬೇಡವೇ ಬೇಡ. ಬೆಳಕು ಸಾಲದೆಂದು 100 ವ್ಯಾಟಿನ ಬಲ್ಬ್ ಹಾಕಿಸಿದರೆ 8 ಆಂಪಿಯರಿಗೂ ಹೆಚ್ಚು ಕರೆಂಟ್ ಹರಿದು ಹೋಲ್ಡರ್ ಕರಗುತ್ತದೆ, ಎದುರಿನವರ ಕಣ್ಣೂ ಕುಕ್ಕುತ್ತದೆ. ಫ್ಯೂಸ್ ಹಾರುತ್ತದೆಂದು ದಪ್ಪ ಫ್ಯೂಸ್ ಹಾಕುವುದಂತೂ ಬೆಂಕಿಗೆ ಆಹ್ವಾನ.

ಮಕ್ಕಳು ಕಾರಿನ ಬಾನೆಟ್ ಎತ್ತಿದರೆ ‘ನಿನಗ್ಯಾಕೆ ಅದೆಲ್ಲ, ಹೋಗಿ ಓದ್ಕೋ’ ಎಂದು ಗದರುವ ತಂದೆತಾಯಿ ಒಮ್ಮೆ ಯೋಚಿಸಬೇಕು. ಲಕ್ಷಣವನ್ನು ನೋಡಿ, ಕಾರಣಗಳನ್ನು ಪಟ್ಟಿ ಮಾಡಿ, ಅಳೆದು, ಒಂದೊಂದನ್ನೇ ಬಿಡುತ್ತ ಹೋಗುವುದು ಆಸ್ಪತ್ರೆಯ ವೈದ್ಯರೂ ಕಾರ್ಖಾನೆಯ ಎಂಜಿನಿಯರೂ ಮಾಡುವ ಕೆಲಸ. ದುರಸ್ತಿಯನ್ನು ಗ್ಯಾರೇಜಿನವರೇ ಮಾಡಲಿ. ಆದರೆ ‘ಬಲ್ಬ್ ಹೋಗಿದೆ’ ಎನ್ನುವ ಬದಲು ‘ಎರಡೂ ಬದಿ ಹೋಗುತ್ತಿದೆ, ಎಂಜಿನ್ ಚಾಲೂ ಇದ್ದಾಗ 15.4 ವೋಲ್ಟ್ ತೋರಿಸುತ್ತಿದೆ’ ಎಂದು ಹೇಳಬಲ್ಲ ಹುಡುಗ ಹುಡುಗಿಯರ ಮನೆಯ ಕಾರು ರಾತ್ರಿ ಒಕ್ಕಣ್ಣನಾಗಿ ಓಡಾಡುವ ಪ್ರಸಂಗ ಕಡಿಮೆ.