ಹೊಳೆ ಪಕ್ಕದ ಮನೆ ಹೇಗಿರಬೇಕು?

ಶಿವಮೊಗ್ಗದವರಿಗೆ ತುಂಗೆಯ ಅಳತೆಗೋಲು ಎಂದರೆ ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ. ಅದು ಮುಳುಗಿದರೆ ಹೊಳೆ ತುಂಬಿದೆ ಎಂದು ಲೆಕ್ಕ. 2019ರ ಆಗಸ್ಟ್‌ನಲ್ಲಿ ಮಂಟಪ ಮುಳುಗಿದ್ದಷ್ಟೇ ಅಲ್ಲ, ಕುಂಬಾರಗುಂಡಿ, ವಿದ್ಯಾನಗರ ಮುಂತಾದ ತಗ್ಗು ಪ್ರದೇಶಗಳ ಮನೆಗಳಿಗೂ ನೀರು ನುಗ್ಗಿತು. ಏಳು ತಿಂಗಳ ನಂತರ, 2020ರ ಮಾರ್ಚ್ 25ರಿಂದ, ದೇಶವೆಲ್ಲ ಲಾಕ್‌ಡೌನ್. ನೆರೆ ಬಂದಾಗ ಮನೆ ಬಿಟ್ಟು ಹೊರಡಬೇಕಾಯಿತು, ಕೊರೊನಾ ಬಂದಾಗ ಮನೆಯೊಳಗೇ ಇರಬೇಕಾಯಿತು. ಹೊಳೆ ಪಕ್ಕದ ಮನೆ ಈ ಎರಡಕ್ಕೂ ತಯಾರಾಗಿರಬೇಕು.

ಮೊದಲು ಮನೆಯೊಳಗಿನ ವಿಷಯ. ಆಗ ನಮ್ಮದು ಒಂದು ಹಾಲ್, ಒಂದು ರೂಮಿನ ಬಾಡಿಗೆ ಮನೆ. ಹಾಲ್‌ನಲ್ಲೇ ನನ್ನ ಆನ್‌ಲೈನ್ ಕ್ಲಾಸ್, ಅಲ್ಲೇ ಅಮ್ಮಿಯ ಹೊಲಿಗೆ ಮಿಷನ್, ಮೂಲೆಯಲ್ಲಿ ದಾದಿಯ ಮಂಚ. ಶಾಲೆ ಮತ್ತೆ ತೆರೆಯಿತು, ಆದರೆ ಅಮ್ಮಿಯ ಕೆಲಸ ಇಂದಿಗೂ ಮನೆಯಲ್ಲೇ. ಟ್ಯೂಷನ್, ಅಡುಗೆ ಆರ್ಡರ್, ಕಂಪ್ಯೂಟರ್ ಕೆಲಸ ಎಂದು ಎಷ್ಟೋ ಮನೆಗಳು ಈಗ ದುಡಿಯುವ ಜಾಗಗಳೂ ಆಗಿವೆ.

2015ರಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ (ನಗರ) ಆರ್ಥಿಕವಾಗಿ ಹಿಂದುಳಿದವರ ಮನೆಗೆ ಇಟ್ಟ ಮಿತಿ 30 ಚದರ ಮೀಟರ್ ಕಾರ್ಪೆಟ್ ಏರಿಯಾ. ಅಂದರೆ ಸುಮಾರು 323 ಚದರ ಅಡಿ. ಐದು ಜನರಿದ್ದರೆ ಒಬ್ಬರಿಗೆ 65 ಚದರ ಅಡಿಯೂ ಸಿಗದು. ಜಾಗ ಹೆಚ್ಚಿಸಲಾಗದಿದ್ದರೆ ಗಾಳಿಯನ್ನಾದರೂ ಹೆಚ್ಚಿಸಬೇಕು. ಕೊರೊನಾ ವೈರಸ್ ಗಾಳಿಯಾಡದ ಕೋಣೆಯಲ್ಲಿ ಸುಲಭವಾಗಿ ಹರಡುತ್ತದೆ. ಒಂದೇ ಕಡೆ ಕಿಟಕಿ ಇದ್ದರೆ ಗಾಳಿ ಹೆಚ್ಚು ಓಡಾಡುವುದಿಲ್ಲ. ಎದುರುಬದುರು ಎರಡಿದ್ದರೆ ಒಂದರಿಂದ ಬಂದು ಇನ್ನೊಂದರಿಂದ ಹೋಗುತ್ತದೆ. ಗೋಡೆಗೆ ಗೋಡೆ ಅಂಟಿದ ವಠಾರದಲ್ಲಿ ಹಿಂದೆ ಕಿಟಕಿ ಇಡಲು ಜಾಗವೇ ಇರದು. ಅಲ್ಲಿ ಹಳೆಯ ತೊಟ್ಟಿ ಮನೆಯ ಉಪಾಯ ಬಳಸಬಹುದು: ನಡುವೆ ಸ್ವಲ್ಪ ಜಾಗವನ್ನು ಆಕಾಶಕ್ಕೆ ತೆರೆದಿಡುವುದು.

ಇನ್ನು ನೀರು. ಕಟ್ಟುವಾಗಲೇ ತಳಪಾಯವನ್ನು ಹಿಂದಿನ ನೆರೆಯ ಮಟ್ಟಕ್ಕಿಂತ ಎತ್ತರಿಸಬೇಕು, ಇಲ್ಲವೇ ಪಿಲ್ಲರ್ ಮೇಲೆ ಕಟ್ಟಿ ಕೆಳಗೆ ಗಾಡಿ ನಿಲ್ಲಿಸಲು ಬಿಡಬೇಕು. ಮೀಟರ್, ಸ್ವಿಚ್ ಬೋರ್ಡ್ ಎತ್ತರದಲ್ಲಿರಬೇಕು. ಕಾಗದಪತ್ರ, ಮಿಷನ್ ಎತ್ತಿಡಲು ಗಟ್ಟಿಯಾದ ಅಟ್ಟ ಬೇಕು. ಚರಂಡಿ ನೀರು ಪೈಪಿನಲ್ಲಿ ವಾಪಸ್ ಬರದಂತೆ ವಾಲ್ವ್ ಬೇಕು.

ಇದಕ್ಕೆಲ್ಲ ದುಡ್ಡು ಕೊಡುವವರು ಯಾರು? ನಮ್ಮ ಅಕೌಂಟೆನ್ಸಿ ಪಾಠ ನೆನಪಿಸಿಕೊಳ್ಳಿ. ತಳಪಾಯ ಎತ್ತರಿಸುವುದು ಬಂಡವಾಳ ವೆಚ್ಚ, ಒಮ್ಮೆ ಮಾಡಿದರೆ ವರ್ಷಗಟ್ಟಲೆ ಪ್ರಯೋಜನ. ಆ ವೆಚ್ಚ ಮಾಡಬೇಕಾದವರು ಮನೆ ಮಾಲೀಕರು. ಆದರೆ ನೀರು ನುಗ್ಗಿದಾಗ ಹಾಳಾಗುವ ಅಕ್ಕಿ, ಹಾಸಿಗೆ, ಪುಸ್ತಕ, ಮಿಷನ್ ಬಾಡಿಗೆದಾರರವು. ಖರ್ಚು ಒಬ್ಬರದು, ನಷ್ಟ ಇನ್ನೊಬ್ಬರದು. ಆದ್ದರಿಂದಲೇ ಬಾಡಿಗೆ ಮನೆಗಳಲ್ಲಿ ರಿಪೇರಿ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಮಾಲೀಕರಿಗೆ ಕಡಿಮೆ ಬಡ್ಡಿಯ ಸಾಲವೋ ತೆರಿಗೆಯಲ್ಲಿ ರಿಯಾಯಿತಿಯೋ ಕೊಟ್ಟರೆ ಈ ಲೆಕ್ಕ ಸರಿಹೋಗಬಹುದು ಎಂದು ನನಗನಿಸುತ್ತದೆ.

ಎಲ್ಲರನ್ನೂ ಊರಾಚೆ ಕಳಿಸಿದರೆ ಆಯಿತಲ್ಲ ಎನ್ನುವವರಿದ್ದಾರೆ. ಪ್ರತಿವರ್ಷ ಮುಳುಗುವ ಮನೆಗಳಿಗೆ ಅದು ಬೇಕಾಗಬಹುದು. ಆದರೆ ದಿನದ ಬಸ್ ಚಾರ್ಜ್, ಕೈತಪ್ಪುವ ಗಿರಾಕಿಗಳು, ದೂರವಾಗುವ ಕಾಲೇಜು, ಇವೂ ಆ ಲೆಕ್ಕದಲ್ಲಿ ಸೇರಬೇಕು.

ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ತುಂಗಾ ತೀರಕ್ಕೆ ನಡಿಗೆ ಹಾದಿ ಬಂದಿದೆ. ಚಿಕ್ಕ ಮನೆಯವರಿಗೆ ಇಂಥ ಬಯಲು ಜಾಗ ಎಷ್ಟು ಮುಖ್ಯ ಎಂದು ಕೊರೊನಾ ಕಲಿಸಿದೆ. ಅಷ್ಟೇ ಕಾಳಜಿ ಹೊಳೆ ಪಕ್ಕದ ಮನೆಗಳಿಗೂ ಸಿಗಬೇಕು.

ಅಲ್ಲಿಯವರೆಗೆ ನಾವು ಮಾಡಬಹುದಾದ್ದು ಒಂದಿದೆ. ನಿಮ್ಮ ಮನೆಯವರು ಬಾಡಿಗೆ ಮನೆ ನೋಡಲು ಹೋದಾಗ ನೀವೂ ಜೊತೆಗೆ ಹೋಗಿ. ಬಾಡಿಗೆ, ಅಡ್ವಾನ್ಸ್ ಕೇಳುವ ಮೊದಲು ಮೂರು ಪ್ರಶ್ನೆ ಕೇಳಿ: 2019ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು? ಎದುರುಬದುರು ಕಿಟಕಿ ಇದೆಯೇ? ಮೀಟರ್ ಬೋರ್ಡ್ ಎಷ್ಟು ಎತ್ತರದಲ್ಲಿದೆ?